ಮಕ್ಕಳ ಮಣ್ಣಾಟ

ಕಳೆದ ಜ್ಯೇಷ್ಠಮಾಸದ ಕೊನೆಯಲ್ಲಿ ನಾವು ನಾಗಸಂದ್ರದಲ್ಲಿರುವ ಬಂಧುಗಳೊಬ್ಬರ ಮನೆಗೆ ಹೋಗಿದ್ದೆವು. ತುಮಕೂರು ರಸ್ತೆಯಿಂದ ಒಳಗೆ ಎರಡು ಅಡ್ಡಬೀದಿಗಳನ್ನು ದಾಟಿದರೆ ಅವರ ಮನೆ, ಮೂರನೆಯ ಅಂತಸ್ತು. ಎದುರಿಗೆ ಕಟ್ಟದೆ ಬಿಟ್ಟ ನಿವೇಶನವೊಂದು, ಅದರ ಮೂಲೆಯಲ್ಲಿ ಒಂದು ಹೊಂಗೆಯ ಮರ. ನಾವು ಹೋಗುವ ವೇಳೆಗೆ ಹದವಾದ ಮಳೆಯೊಂದು ಬಿದ್ದು ನಿಂತಿತ್ತು. ಆ ಮನೆಯ ನಾಲ್ಕು ವರ್ಷದ ಹೆಣ್ಣುಮಗು ಕಿಟಕಿಯ ಸರಳುಗಳ ನಡುವೆ ಮುಖವನ್ನಿಟ್ಟು ನಿವೇಶನದಲ್ಲಿ ನಿಂತಿದ್ದ ಕೆಂಪುನೀರನ್ನೇ ನೋಡುತ್ತಿತ್ತು. “ಕೆಳಗೆ ಹೋಗೋಣ” ಎಂದು ಕೇಳಿತು. “ಕೆಸರು, ಬೇಡ” ಎಂದು ತಾಯಿ ಹೇಳಿ ಅದರ ಕೈಗೆ ಮೊಬೈಲನ್ನು ಕೊಟ್ಟರು. ಮಗು ಅದನ್ನು ತೆಗೆದುಕೊಂಡು ಗೋಡೆಗೆ ಒರಗಿ ಕುಳಿತಿತು. ಆ ಪುಟ್ಟ ತೆರೆಯ ಮೇಲೆ ಹಳದಿ ಬಣ್ಣದ ಬಾತುಕೋಳಿಗಳು ಕೊಳವೊಂದರಲ್ಲಿ ಈಜುತ್ತಿದ್ದುವು.

ತಾಯಿಯನ್ನು ದೂಷಿಸುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಆಕೆ ಬೆಳಗ್ಗೆ ಐದು ಗಂಟೆಗೆ ಎದ್ದವರು. ಯಜಮಾನರು ಕಾರ್ಖಾನೆಯ ರಾತ್ರಿಪಾಳಿಯನ್ನು ಮುಗಿಸಿ ಬಂದು ಒಳಕೋಣೆಯಲ್ಲಿ ಮಲಗಿದ್ದರು. ಮಗು ಸದ್ದುಮಾಡದೆ ಇರಬೇಕಾದುದು ಆ ಮನೆಯ ಆ ಹೊತ್ತಿನ ಅಗತ್ಯವಾಗಿದ್ದಿತು. ಅಲ್ಲದೆ, ಬೇಡವೆಂದುದಕ್ಕೆ ಆಕೆ ಕೊಟ್ಟ ಕಾರಣವು ನಮ್ಮನ್ನು ಸುಮ್ಮನಾಗಿಸಿತು. “ಬಟ್ಟೆ ಕೊಳೆಯಾದರೆ ಒಗೆದೇನು. ಆ ನೀರು ಎಲ್ಲಿಂದ ಹರಿದು ಬಂದುದೋ ಯಾರಿಗೆ ಗೊತ್ತು?” ಎಂದರು.

ಈ ಮಾತನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ನಾಗಸಂದ್ರದ ನೆರೆಯಲ್ಲಿಯೇ ಪೀಣ್ಯದ ಕೈಗಾರಿಕಾ ಪ್ರದೇಶವಿದೆ. 1970ರ ದಶಕದಿಂದ ಬೆಳೆಯುತ್ತ ಬಂದ ಅಲ್ಲಿನ ಕಾರ್ಖಾನೆಗಳಲ್ಲಿ ಲೋಹದ ಮೇಲೆ ಹೊಳಪಿನ ಲೇಪ ಕೊಡತಕ್ಕವು ಅನೇಕ. ಆ ಕೆಲಸದಲ್ಲಿ ಬಳಸುವ ಕ್ರೋಮಿಯಂ ಎಂಬ ಲೋಹವು ಆ ಭಾಗದ ಅಂತರ್ಜಲದಲ್ಲಿ ಬೆರೆತಿರುವುದು ಪರೀಕ್ಷೆಗಳಿಂದ ಕಂಡುಬಂದಿದೆ. ಹಳ್ಳಿಯ ಮಗು ಕೆಸರಿನಲ್ಲಿ ಹೊರಳಾಡಿ ಬೆಳೆಯಿತಲ್ಲವೆ ಎಂದು ಕೇಳುವ ಹಿರಿಯರು ಈ ವ್ಯತ್ಯಾಸವನ್ನು ಗಮನಿಸಬೇಕು. ಅವರು ಆಡಿದ ಕೆಸರು ಹೊಲದ ಕೆಸರು; ಇದು ಚರಂಡಿಯೂ ರಸ್ತೆಯೂ ಕಾರ್ಖಾನೆಯ ಹಿತ್ತಿಲೂ ಕೂಡಿದ ನೀರು. ಹಾಗೆಂದು ಮಗುವನ್ನು ಮಣ್ಣಿನಿಂದಲೇ ದೂರವಿರಿಸುವುದು ಸರಿಯೆ? ಇಲ್ಲವೆಂದು ನಮ್ಮ ಅಭಿಪ್ರಾಯ. ಅಂಜಬೇಕಾದ ಮಣ್ಣು ಯಾವುದು, ಅಂಜಬೇಕಾಗಿಲ್ಲದ ಮಣ್ಣು ಯಾವುದು ಎಂಬುದನ್ನು ವಿಂಗಡಿಸಿಕೊಂಡರೆ ಮೂರನೆಯ ಅಂತಸ್ತಿನ ಮಗುವಿಗೂ ಮಣ್ಣಾಟವನ್ನು ಒದಗಿಸಿಕೊಡಬಹುದು. ಅದನ್ನು ನಮಗೆ ತೋರಿಸಿಕೊಟ್ಟವರು ಆ ಮಗುವಿನ ಅಜ್ಜಿ.

ಅದಕ್ಕೆ ಮುಂಚೆ ಊರಿನ ಹೆಸರಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಸುತ್ತ ‘ಸಂದ್ರ’ ಎಂದು ಮುಗಿಯುವ ಊರುಗಳು ಹತ್ತಾರಿವೆ. ನಗರದ ದಕ್ಷಿಣದಲ್ಲಿಯೂ ಒಂದು ನಾಗಸಂದ್ರ ಉಂಟು. ಈ ಸಂದ್ರವೆಂಬುದು ‘ಸಮುದ್ರ’ವೇ ಬಾಯಿಂದ ಬಾಯಿಗೆ ಸವೆದು ಆದ ರೂಪ. ಕಡಲಿನಿಂದ ಇಷ್ಟು ದೂರದ ಬಯಲುಸೀಮೆಯಲ್ಲಿ ಕೆರೆಯನ್ನೇ ಸಮುದ್ರವೆಂದು ಕರೆದು ಹಿಗ್ಗಿದ ಜನ ನಮ್ಮ ಹಿರಿಯರು. ಈಗ ನಾಗಸಂದ್ರವನ್ನು ಪಟ್ಟಣದವರು ಬಲ್ಲುದು ಮೆಟ್ರೋ ನಿಲ್ದಾಣದಿಂದ. 2015ರಲ್ಲಿ ಹಸಿರು ಮಾರ್ಗವು ಇಲ್ಲಿಯವರೆಗೆ ಬಂದಿತು. 2024ರಲ್ಲಿ ಮುಂದೆ ಮಾದಾವರಕ್ಕೆ ಸಾಗಿತು. ಊರು ಬೆಳೆದಿರುವುದು ಸಂತೋಷವೇ. ಆದರೆ ಮನೆಗೆ ಮನೆ ತಾಗಿ ನಿಂತಿರುವ ಈ ಬೀದಿಗಳಲ್ಲಿ ಎಳೆಯ ಮಗುವಿನ ಪಾಲಿಗೆ ಉಳಿದಿರುವ ಬಯಲು ಎಷ್ಟು ಎಂಬುದನ್ನು ಯಾರೂ ಅಳೆದು ನೋಡಿದಂತೆ ಕಾಣುವುದಿಲ್ಲ.

ಅಜ್ಜಿ ಗದಗದ ಕಡೆಯವರು. ಆ ದಿನ ಬೆಳಗ್ಗೆ ಯಶವಂತಪುರದಲ್ಲಿ ರೈಲಿನಿಂದ ಇಳಿದು ಬಂದಿದ್ದರು. ರೊಟ್ಟಿಯ ಬುತ್ತಿಯ ಜೊತೆಗೆ ಅವರು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ತಂದಿದ್ದ ಭಾರವಾದ ಗಂಟೊಂದು ಇದ್ದಿತು. ಬಿಚ್ಚಿ ನೋಡಿದರೆ ಕಪ್ಪು ಎರೆಮಣ್ಣು! ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠದ ಅಮಾವಾಸ್ಯೆಯಂದು ಮಣ್ಣಿನ ಜೋಡೆತ್ತುಗಳನ್ನು ಮಾಡಿ ಪೂಜಿಸುವ ವಾಡಿಕೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. “ಅಂಗಡಿಯ ಎತ್ತು ಬೇಡ, ನಮ್ಮ ಹೊಲದ ಎರಿ ಇದು” ಎಂದು ಅಜ್ಜಿ ಗಂಟನ್ನು ಬಚ್ಚಲಿನ ಪಕ್ಕಕ್ಕೆ ಒಯ್ದು ನೀರು ಚಿಮುಕಿಸಿ ಕಲಸತೊಡಗಿದರು. ಮೊಬೈಲನ್ನು ಕೆಳಗಿಡು ಎಂದು ಯಾರೂ ಹೇಳಲಿಲ್ಲ. ಮಗು ತಾನಾಗಿ ಎದ್ದು ಬಂದು ಅಜ್ಜಿಯ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತಿತು.

ಮುಂದಿನ ಒಂದು ಗಂಟೆಯ ಹೊತ್ತು ನಾವು ಕಂಡುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಜ್ಜಿ ಮಗುವಿಗೆ ಒಂದು ಮುದ್ದೆ ಮಣ್ಣನ್ನು ಕೊಟ್ಟರೇ ಹೊರತು ಏನು ಮಾಡಬೇಕೆಂದು ಹೇಳಲಿಲ್ಲ. ತಮ್ಮ ಎತ್ತನ್ನು ತಾವು ಮಾಡುತ್ತ ಕುಳಿತರು. ಮಗು ಮೊದಲು ಬೆರಳಿನಿಂದ ಚುಚ್ಚಿತು. ಚುಚ್ಚಿದ ತೂತು ಹಾಗೆಯೇ ನಿಂತುದನ್ನು ಕಂಡು ಬೆರಗಾಗಿ ಮತ್ತೆ ಚುಚ್ಚಿತು. ಆಮೇಲೆ ಅಂಗೈಗಳ ನಡುವೆ ಹೊಸೆದಾಗ ಉದ್ದನೆಯ ಹಾವಾಯಿತು. ಹಾವು ತುಂಡಾಯಿತು, ತುಂಡುಗಳು ಮರಿಗಳಾದುವು. ನೀರು ಹೆಚ್ಚಾಗಿ ಮಣ್ಣು ಜಾರತೊಡಗಿದಾಗ ಮಗು ಅಜ್ಜಿಯ ಮುಖವನ್ನು ನೋಡಿತು. ಅಜ್ಜಿ ಏನನ್ನೂ ಹೇಳದೆ ತಮ್ಮ ಕಡೆಯ ಒಣಪುಡಿಯನ್ನು ಒಂದು ಹಿಡಿ ಬೆರೆಸಿಕೊಂಡರು. ಮಗುವೂ ಹಾಗೆಯೇ ಮಾಡಿತು. ನೀರು ಎಷ್ಟು, ಮಣ್ಣು ಎಷ್ಟು ಎಂಬ ಆ ಪಾಠವನ್ನು ಯಾವ ಉಪಾಧ್ಯಾಯರೂ ಇದಕ್ಕಿಂತ ಚೆನ್ನಾಗಿ ಕಲಿಸಲಾರರು. ನಾವಾದರೋ ತಡೆಯಲಾರದೆ “ಇದು ಯಾವ ಹಾವು? ಎಷ್ಟು ಮರಿ, ಎಣಿಸು ನೋಡೋಣ” ಎಂದುಬಿಟ್ಟೆವು. ಮಗು ತಟ್ಟನೆ ಕೈ ನಿಲ್ಲಿಸಿ, ಪರೀಕ್ಷೆಗೆ ನಿಂತವರ ಮುಖ ಮಾಡಿ, “ಒಂದು, ಎರಡು” ಎಂದಿತು. ಅದು ಮರಳಿ ಆಟಕ್ಕೆ ಇಳಿಯುವುದಕ್ಕೆ ಐದು ನಿಮಿಷಗಳು ಹಿಡಿದುವು. ಓದಿದವರೆನಿಸಿಕೊಂಡ ನಮ್ಮಂಥವರಿಗೆ ಈ ಚಟ ಅಂಟಿಕೊಂಡಿರುವುದು ಸುಳ್ಳಲ್ಲ.

ಎಳೆಯ ಮಕ್ಕಳು ಕೈಯಿಂದ, ಬಯಲಿನಿಂದ ಕಲಿಯುವರೆಂಬುದು ಹೊಸ ಮಾತಲ್ಲ. ಡಾಕ್ಟರ್ ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಹೊರತಂದುದನ್ನು ಎಲ್ಲರೂ ಬಲ್ಲರು. ಅಷ್ಟು ದೊಡ್ಡ ಪುಸ್ತಕವನ್ನು ಬರೆದ ಅವರಿಗೇ ಪುಸ್ತಕ ಸಾಲದೆಂದು ತೋರಿ, ಪುತ್ತೂರಿನ ಬಾಲವನದ ಗಿಡಮರಗಳ ನಡುವೆ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಇಟಲಿಯ ಮರಿಯಾ ಮಾಂಟೆಸರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಯುದ್ಧದ ದೆಸೆಯಿಂದ ಹಿಂದಿರುಗಲಾರದೆ ಕೆಲವು ವರ್ಷ ಕೊಡೈಕನಾಲಿನಲ್ಲಿ ನೆಲಸಿದರು. ಆ ಬೆಟ್ಟದ ಗಿಡ, ಹುಳು, ಹಕ್ಕಿಗಳೇ ಅವರ ಶಾಲೆಯ ಸಲಕರಣೆಗಳಾದುವು. ನಮಗೆ ಬೆಟ್ಟವೂ ಇಲ್ಲ, ವನವೂ ಇಲ್ಲ; ಮಾಳಿಗೆಯೂ ಒಂದು ಹೊಂಗೆಯ ಮರವೂ ಇವೆ. ಇವುಗಳಿಂದ ಏನಾಗಬಹುದೆಂದು ನೋಡೋಣ.

ಮಣ್ಣಿನಿಂದಲೇ ತೊಡಗುವುದು ಲೇಸು. ರಸ್ತೆಯ ಅಂಚಿನ ಮಣ್ಣು, ಚರಂಡಿಯ ಹೂಳು, ಕಾರ್ಖಾನೆಯ ಗೋಡೆಯ ಬದಿಯ ಮಣ್ಣು, ಮಳೆಗೆ ಹರಿದುಬಂದು ನಿಂತ ನೀರು, ಇವು ಬೇಡವೇ ಬೇಡ. ಸಸ್ಯಗಳನ್ನು ಮಾರುವವರ ಬಳಿ ಕೆಂಪುಮಣ್ಣು ಚೀಲದ ಲೆಕ್ಕದಲ್ಲಿ ದೊರೆಯುತ್ತದೆ. ಗೊಬ್ಬರ ಬೆರೆಸದುದನ್ನು ಕೇಳಿ ತರತಕ್ಕದ್ದು. ಅದನ್ನು ಜರಡಿಯಾಡಿ, ಗಾಜಿನ ಚೂರು, ಮೊಳೆಗಳಿಲ್ಲವೆಂದು ನೋಡಿಕೊಂಡು, ಅಗಲವಾದ ಬೋಗುಣಿಯಲ್ಲಿಯೋ ಒಡೆದ ತೊಟ್ಟಿಯಲ್ಲಿಯೋ ತುಂಬಿ ಮಾಳಿಗೆಯ ಮೇಲೆ ಇಡಬಹುದು. ರಾತ್ರಿಯ ಹೊತ್ತು ಮುಚ್ಚದಿದ್ದರೆ ಬೆಕ್ಕು ಅದನ್ನು ತನ್ನದೆಂದೇ ತಿಳಿಯುವುದು. ಎರಡು ಮರದ ಚಮಚ, ಒಂದು ತೆಂಗಿನ ಕರಟ, ತಳದಲ್ಲಿ ತೂತುಮಾಡಿದ ಡಬ್ಬ, ಇಷ್ಟು ಸಾಕು. ಅಂಗಡಿಯಲ್ಲಿ ಮಾರುವ ಪ್ಲಾಸ್ಟಿಕ್ಕಿನ ಅಚ್ಚುಗಳನ್ನು ಕೊಡಬೇಕಾದ ಅಗತ್ಯ ನಮಗೆ ಕಾಣುವುದಿಲ್ಲ. ಮೀನಿನ ಅಚ್ಚಿನಿಂದ ಮೀನಲ್ಲದೆ ಬೇರೇನೂ ಬಾರದು; ಕರಟದಿಂದ ಇಡ್ಲಿಯೂ ಬರುವುದು, ಗುಡಿಯ ಗೋಪುರವೂ ಬರುವುದು.

ನೀರಿನ ವಿಷಯದಲ್ಲಿ ಮಾತ್ರ ನಾವು ಕಟ್ಟುನಿಟ್ಟು. ಒಂದು ಗೇಣು ನೀರಿನಲ್ಲಿಯೂ ಎಳೆಯ ಮಗು ಉಸಿರುಕಟ್ಟಿ ಸಾಯಬಹುದು. ಆದುದರಿಂದ ಬಕೆಟ್ಟಿನ ಬಳಿ ಮಗುವನ್ನು ಒಂಟಿಯಾಗಿ ಬಿಡಕೂಡದು. ಕೆರೆಯ ದಡದ ಆಟ ಈ ವಯಸ್ಸಿಗೆ ಸಲ್ಲದು. ಆಟ ಮುಗಿದೊಡನೆ ನೀರನ್ನು ಚೆಲ್ಲಿಬಿಡಬೇಕು. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಗೆ ನಿಂತ ತಿಳಿನೀರೇ ತೊಟ್ಟಿಲು, ವಾರವೊಂದು ಕಳೆದರೆ ಮರಿಗಳು ರೆಕ್ಕೆ ಬಿಚ್ಚುವುವು.

ಇನ್ನು ಮರ. ಹೊಂಗೆಯು ವರ್ಷದ ಹನ್ನೆರಡು ತಿಂಗಳೂ ಮಗುವಿಗೆ ಏನನ್ನಾದರೂ ಕೊಡುತ್ತಲೇ ಇರುತ್ತದೆ. ಶಿವರಾತ್ರಿಯ ಸುಮಾರಿಗೆ ಎಲೆಯೆಲ್ಲ ಉದುರಿ, ಕೆಲವೇ ದಿನಗಳಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಎಳೆಚಿಗುರು ಬರುವುದು. ಬೇಸಗೆಯಲ್ಲಿ ಹೂ ನೆಲದ ಮೇಲೆ ಮಂಡಕ್ಕಿ ಚೆಲ್ಲಿದಂತೆ ಬೀಳುವುದು. ಅದನ್ನು ಗುಡಿಸಿ ರಾಶಿಮಾಡುವುದೇ ಎರಡು ವರ್ಷದ ಮಗುವಿಗೆ ಒಂದು ಬೆಳಗಿನ ಉದ್ಯೋಗ. ಬೆಂಗಳೂರಿನ ಬೀದಿಗಳಲ್ಲಿ ನೀರುಕಾಯಿಯ ಮರವೂ ಸಾಕಷ್ಟುಂಟು. ಅದರ ಮೊಗ್ಗಿನ ತುದಿಯನ್ನು ಚಿವುಟಿ ಒತ್ತಿದರೆ ಪಿಚಕಾರಿಯಂತೆ ನೀರು ಚಿಮ್ಮುವುದನ್ನು ಇಂದಿನ ತಂದೆತಾಯಂದಿರಲ್ಲಿ ಅನೇಕರು ತಮ್ಮ ಬಾಲ್ಯದಲ್ಲಿ ಮಾಡಿದವರೇ. ಕತ್ತಿಕಾಯಿಯ ಮರದ ಕೆಂಪು ಹೂವಿನ ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದು, ಯಾರದು ತಲೆ ಕಳೆದುಕೊಂಡಿತೆಂದು ನೋಡುವ ಕೋಳಿಜಗಳವನ್ನೂ ಮರೆತಿರಲಾರರು. ಮಕ್ಕಳಿಗೆ ಒಮ್ಮೆ ತೋರಿಸಿದರೆ ಸಾಕು. ತೆಂಗಿನಗರಿಯಲ್ಲಿ ಪೀಪಿ, ಗಿರಗಟ್ಟಲೆ, ಕೈಗಡಿಯಾರ ಮಾಡುವುದು ಹಿರಿಯರ ಕೈಗೆಲಸ. ಐದು ವರ್ಷದ ಮಗು ಪಕ್ಕದಲ್ಲಿ ಕುಳಿತು ಗರಿಯನ್ನು ಸೀಳಿ ಕೊಡಬಲ್ಲದು. ಬಿದ್ದ ಅರಳಿ ಎಲೆಯನ್ನು ಕೆಲವು ವಾರ ನೀರಿನಲ್ಲಿ ನೆನೆಯಿಟ್ಟು ಮೆಲ್ಲಗೆ ತೊಳೆದರೆ ಬಲೆಯಂಥ ನರಗಳು ಮಾತ್ರ ಉಳಿಯುವುವು. ಅದು ನಿಂತ ನೀರೇ ಆದುದರಿಂದ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿಡಬೇಕು, ನಾತವನ್ನೂ ಸಹಿಸಬೇಕು.

ಹುಳುಗಳನ್ನು ಕಂಡರೆ ಕಿರಿಚುವುದನ್ನು ಮಗು ನಮ್ಮಿಂದಲೇ ಕಲಿಯುತ್ತದೆ. ಇರುವೆಯ ಸಾಲಿನ ಬಳಿ ಒಂದು ಕಡೆ ನಾಲ್ಕು ಸಕ್ಕರೆಯ ಹರಳು, ಇನ್ನೊಂದು ಕಡೆ ರವೆಯ ಕಾಳು, ಮತ್ತೊಂದು ಕಡೆ ಎಲೆಯ ಚೂರು ಇಟ್ಟು, ಯಾವುದನ್ನು ಮೊದಲು ಒಯ್ಯುವುವೆಂದು ಕಾದು ನೋಡಿ. ಮಗುವಿಗೆ ಅರ್ಧ ಗಂಟೆ ಕಳೆದುದೇ ತಿಳಿಯದು. ಅಕ್ಕಿಹಿಟ್ಟಿನ ರಂಗೋಲಿ ಇಡುತ್ತಿದ್ದ ಕಾಲದಲ್ಲಿ ಈ ಆಟ ಪ್ರತಿ ಮನೆಯ ಹೊಸಿಲಿನ ಮುಂದೆ ತಾನಾಗಿ ನಡೆಯುತ್ತಿದ್ದಿತು. ಸೂರಿನ ಕೆಳಗೆ ಮಳೆ ತಾಗದ ನುಣ್ಣನೆಯ ಧೂಳಿನಲ್ಲಿ ಲಾಳಿಕೆಯಾಕಾರದ ಪುಟ್ಟ ಗುಳಿಗಳು ಕಂಡರೆ, ಅವುಗಳ ತಳದಲ್ಲಿ ಪುಸ್ತಕಗಳು ಇರುವೆಸಿಂಹವೆಂದು ಕರೆಯುವ ಹುಳು ಅಡಗಿರುತ್ತದೆ. ಹುಲ್ಲೆಳೆಯಿಂದ ಗುಳಿಯ ಅಂಚನ್ನು ಕೆದಕಿದರೆ, ಇರುವೆ ಬಿದ್ದಿತೆಂದು ಭ್ರಮಿಸಿ ಅದು ಧೂಳನ್ನು ಮೇಲಕ್ಕೆ ಎರಚುವುದು. ಮುಟ್ಟಿದರೆ ಕಾಸಿನಂತೆ ಸುತ್ತಿಕೊಳ್ಳುವ ಸಹಸ್ರಪದಿಯನ್ನು ಕಡ್ಡಿಯಿಂದ ಸೋಕಿ ನೋಡಬಹುದು. ಚಪ್ಪಟೆಯಾಗಿ ಸರಸರನೆ ಓಡುವ ಜರಿಯನ್ನು ಮಾತ್ರ ದೂರದಿಂದಲೇ ನೋಡಬೇಕು, ಅದು ಕಚ್ಚುತ್ತದೆ. ಈ ಭೇದವನ್ನು ನಾಲ್ಕು ವರ್ಷದ ಮಗು ಸುಲಭವಾಗಿ ತಿಳಿದುಕೊಳ್ಳಬಲ್ಲದು.

ಮಾಳಿಗೆಯಿರುವವರಿಗೆ ನೆರಳಿನ ಆಟವೂ ಉಂಟು. ಬೆಳಗ್ಗೆ ಮಗುವನ್ನು ನಿಲ್ಲಿಸಿ ಅದರ ನೆರಳಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಹನ್ನೊಂದು ಗಂಟೆಗೆ ಅಲ್ಲಿಯೇ ಮತ್ತೆ ನಿಲ್ಲಿಸಿದರೆ, “ನನ್ನ ನೆರಳನ್ನು ಯಾರು ತಿಂದರು?” ಎಂದು ಕೇಳುವುದು. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯನು ನಡುಹಗಲಿನಲ್ಲಿ ನೆತ್ತಿಯ ಮೇಲೆ ನೇರವಾಗಿ ಬರುವುದರಿಂದ, ನೆಟ್ಟಗೆ ನಿಲ್ಲಿಸಿದ ಲೋಟಕ್ಕೆ ನೆರಳೇ ಇರುವುದಿಲ್ಲ. ವರ್ಷಕ್ಕೆ ಎರಡೇ ಸಲ ಒದಗುವ ಈ ಚೋದ್ಯವನ್ನು ಪಂಚಾಂಗದಲ್ಲಿ ಗುರುತುಮಾಡಿಟ್ಟುಕೊಳ್ಳಿ. ಆಗಸ್ಟಿನಲ್ಲಿ ಮೋಡ ಅಡ್ಡಬರುವುದೇ ಹೆಚ್ಚು.

ಅಪಾಯದ ಗಿಡಗಳನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಖಾಲಿ ನಿವೇಶನಗಳಲ್ಲಿ ಬೆಳೆಯುವ ಹರಳಿನ ಬೀಜ, ಉಮ್ಮತ್ತಿ, ಬೇಲಿಯ ಗುಲಗಂಜಿ, ಅಂಗಳದ ಕಣಗಿಲೆ, ಇವೆಲ್ಲವೂ ವಿಷ. ಗುಲಗಂಜಿಯ ಕೆಂಪು ಕಪ್ಪು ಬಣ್ಣವಂತೂ ಮಗುವನ್ನು ಕೂಗಿ ಕರೆಯುವಂತಿದೆ. ಎಕ್ಕದ ಹಾಲು ಕಣ್ಣಿಗೆ ಕೇಡು. ಕಾಂಗ್ರೆಸ್ ಗಿಡವೆಂದು ಜನ ಕರೆಯುವ ಪಾರ್ಥೇನಿಯಂ ಕೆಲವರಲ್ಲಿ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ; ಅದು ತುಂಬಿದ ನಿವೇಶನ ಮಗುವಿನ ಆಟದ ಬಯಲಲ್ಲ. ಮೂರು ವರ್ಷದೊಳಗಿನ ಮಗುವಿಗೆ ಬಾಯಲ್ಲಿ ಅಡಗುವ ಕಲ್ಲನ್ನಾಗಲಿ ಹುಣಿಸೆಬೀಜವನ್ನಾಗಲಿ ಕೊಡಬೇಡಿ. ಅದು ಗಂಟಲಲ್ಲಿ ಸಿಕ್ಕುವುದುಂಟು, ಮೂಗಿನೊಳಗೆ ಸೇರುವುದೂ ಉಂಟು. ಆಟವಾದ ಮೇಲೆ ಸಾಬೂನು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ, ಕೈ ತೊಳೆಸಬೇಕು. ಮಣ್ಣಿನಿಂದ ಬರುವ ಜಂತುಹುಳುವಿಗೆ ಅಂಗನವಾಡಿ, ಶಾಲೆಗಳಲ್ಲಿ ಮಾತ್ರೆ ಕೊಡುವ ದಿನವನ್ನು 2015ರಿಂದ ದೇಶದಲ್ಲಿ ಆಚರಿಸಲಾಗುತ್ತಿದೆ. ಒಂದು ವರ್ಷ ತುಂಬಿದ ಮಕ್ಕಳಿಗೆಲ್ಲ ಅದು ಸಲ್ಲುತ್ತದೆ.

ಇಷ್ಟು ಪಾಡು ಏತಕ್ಕೆ, ಒಳಗೇ ಆಡಬಾರದೆ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿದಂತೆ, ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸುತ್ತಿರಬೇಕು, ಅದರಲ್ಲಿ 60 ನಿಮಿಷವಾದರೂ ಓಟ, ನೆಗೆತಗಳಂಥ ಬಿರುಸಿನದಾಗಿರಬೇಕು. ತೆರೆಯ ಮುಂದೆ ಕುಳಿತಿರುವುದು ಒಂದು ಗಂಟೆಯನ್ನು ಮೀರಬಾರದು. ಎರಡು ಕೋಣೆಯ ಬಾಡಿಗೆಮನೆಯಲ್ಲಿ ಒಂದು ಗಂಟೆ ನೆಗೆದಾಡಿದರೆ ಕೆಳಗಿನ ಮನೆಯವರು ಮೇಲೆ ಬಂದಾರು. ಕಣ್ಣಿನ ವಿಷಯವೂ ಉಂಟು. ಚೀನದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಮೂರು ವರ್ಷ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದನೆಯ ತರಗತಿಯಿಂದ ದಿನವೂ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟ ಮಕ್ಕಳಲ್ಲಿ ನೂರಕ್ಕೆ 30.4 ಮಂದಿಗೆ ಸಮೀಪದೃಷ್ಟಿ ಬಂದಿತು. ಹಾಗೆ ಬಿಡದಿದ್ದ ಶಾಲೆಗಳಲ್ಲಿ 39.5 ಮಂದಿಗೆ. ಫಿನ್ಲೆಂಡಿನಲ್ಲಿ ಶಿಶುವಿಹಾರಗಳ ಜಲ್ಲಿಯ ಅಂಗಳಕ್ಕೆ ಕಾಡಿನ ನೆಲವನ್ನೂ ಹುಲ್ಲನ್ನೂ ತಂದು ಹಾಸಿ, 28 ದಿನಗಳ ಬಳಿಕ ಮೂರರಿಂದ ಐದು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿದುದೂ, ದೇಹದ ರೋಗನಿರೋಧಕ ವ್ಯವಸ್ಥೆ ಹದಗೊಂಡ ಗುರುತುಗಳು ರಕ್ತದಲ್ಲಿ ಕಂಡುದೂ 2020ರಲ್ಲಿ ಪ್ರಕಟವಾಯಿತು. 75 ಮಕ್ಕಳ ಚಿಕ್ಕ ಪರೀಕ್ಷೆಯಾದುದರಿಂದ ಅದನ್ನೇ ವೇದವಾಕ್ಯವೆನ್ನಲಾಗದು. ಆದರೂ ಆ ಚಳಿಯ ನಾಡಿನವರು ಹಣತೆತ್ತು ಮಣ್ಣು ತಂದು ಹಾಕಿದುದನ್ನು ಓದಿದಾಗ ನಮಗೆ ಗದಗದ ಅಜ್ಜಿಯ ಸೀರೆಗಂಟು ನೆನಪಾಯಿತು.

ತಿಂಗಳಿಗೆ ಒಂದು ಭಾನುವಾರ ಹೊರಗೆ ಹೊರಡಬಲ್ಲವರಿಗೆ ನಾಗಸಂದ್ರದಲ್ಲಿ ಒಂದು ಅನುಕೂಲ ಉಂಟು. ಮೆಟ್ರೋ ಹತ್ತಿ ಕುಳಿತರೆ ಬಂಡಿ ಬದಲಾಯಿಸದೆ ಲಾಲ್‌ಬಾಗಿನ ಬಾಗಿಲಿಗೆ ಹೋಗಿ ಇಳಿಯಬಹುದು. 1760ರಲ್ಲಿ ಹೈದರಾಲಿಯು ತೊಡಗಿಸಿದ ಆ ತೋಟದಲ್ಲಿ ಹೂವಿನ ಪಾತಿಗಳಿಗಿಂತ ಎಳೆಯ ಮಕ್ಕಳಿಗೆ ಹಿತವಾದುದು ಅಲ್ಲಿನ ಬಂಡೆ. ಸುಮಾರು 300 ಕೋಟಿ ವರ್ಷ ವಯಸ್ಸಿನದೆಂದು ಭೂವಿಜ್ಞಾನಿಗಳು ಹೇಳುವ ಆ ಕಲ್ಲಿನ ಮೇಲೆ ಮಗು ಬರಿಗಾಲಿನಲ್ಲಿ ಹತ್ತಿ, ಕುಳಿತು ಜಾರಿ, ಚಡ್ಡಿಯನ್ನು ಹರಿದುಕೊಳ್ಳಬಹುದು. ಬಿಸಿಲೇರುವ ಮುಂಚೆ ಹೋಗುವುದು ಒಳ್ಳೆಯದು. ಉತ್ತರಕ್ಕೆ ಹೆಸರಘಟ್ಟದ ಹುಲ್ಲುಗಾವಲಿದೆ. ಅಲ್ಲಿ ಓಡುವುದಕ್ಕೆ ಅಡ್ಡಿಯಿಲ್ಲದಷ್ಟು ಬಯಲು, ನೋಡುವುದಕ್ಕೆ ಹಕ್ಕಿ. ಅಲ್ಲಿಗೆ ಆಟದ ಸಾಮಾನು ಒಯ್ಯಬೇಡಿ. ಕುಡಿಯುವ ನೀರು, ಟೋಪಿ, ಬದಲಿ ಬಟ್ಟೆ ಸಾಕು. ಹಕ್ಕಿಗಳು ನೆಲದ ಮೇಲೆಯೇ ಗೂಡು ಮಾಡುವುದರಿಂದ ಹುಲ್ಲಿನೊಳಗೆ ನುಗ್ಗದೆ ಕಾಲುದಾರಿಯಲ್ಲಿಯೇ ಇರಬೇಕು.

ಆ ದಿನ ಸಂಜೆಯ ವೇಳೆಗೆ ಅಜ್ಜಿಯ ಜೋಡೆತ್ತುಗಳು ಮುಗಿದು, ಜೋಳದ ಕಾಳುಗಳು ಕಣ್ಣುಗಳಾಗಿ, ದೇವರ ಗೂಡಿನ ಮುಂದೆ ಒಣಗುತ್ತಿದ್ದುವು. ಅವುಗಳ ಪಕ್ಕದಲ್ಲಿ ಮಗುವಿನ ಹಾವೂ ಅದರ ಐದು ಮರಿಗಳೂ. ಯಜಮಾನರು ಎದ್ದು ಬಂದು, ಎತ್ತಿನ ಜೊತೆಗೆ ಹಾವಿಗೂ ಪೂಜೆಯಾಗಲಿ, ಊರಿನ ಹೆಸರೇ ನಾಗಸಂದ್ರವಲ್ಲವೆ ಎಂದು ನಕ್ಕರು. ಉಳಿದ ಎರೆಮಣ್ಣನ್ನು ಅಜ್ಜಿ ಒದ್ದೆಬಟ್ಟೆಯಲ್ಲಿ ಸುತ್ತಿ ಮಾಳಿಗೆಯ ಮೇಲಿನ ಹಳೆಯ ಮಡಕೆಯಲ್ಲಿ ಇಟ್ಟುಹೋದರು.

ಶ್ರಾವಣ ಹುಟ್ಟಿದ ಮೇಲೆ ಆ ತಾಯಿ ನಮಗೆ ಫೋನು ಮಾಡಿದರು. ಎರೆಮಣ್ಣು ಮುಗಿದುಹೋಗಿತ್ತು. ಕೆಳಗಿನ ಮನೆಗಳ ಮೂರು ಮಕ್ಕಳು ದಿನವೂ ಮಾಳಿಗೆಗೆ ಬರುತ್ತಿದ್ದರು. ಕೆಂಪುಮಣ್ಣು ಎರಡು ಚೀಲ ತರಿಸಿದ್ದೇವೆ, ಮನೆಯ ಒಡೆಯರು ಮೊದಲು ಗೊಣಗಿದರೂ ಮಾಳಿಗೆಯ ನೀರುಗಂಡಿಗೆ ಜಾಲರಿ ಹಾಕಿಸಿದ ಮೇಲೆ ಸುಮ್ಮನಾದರು ಎಂದರು. ಆಕೆ ಕೇಳಬೇಕಾಗಿದ್ದುದು ಬೇರೆ: ಕೆಂಪುಮಣ್ಣಿನ ಕಲೆ ಬಿಳಿಯ ಅಂಗಿಯಿಂದ ಹೋಗುವುದು ಹೇಗೆ? ಒದ್ದೆಯಾಗಿರುವಾಗ ಉಜ್ಜದೆ ಪೂರ್ತಿಯಾಗಿ ಒಣಗಲು ಬಿಟ್ಟು, ಚೆನ್ನಾಗಿ ಕೊಡವಿ, ಬಿಸಿನೀರು ಸೋಕಿಸದೆ ತಣ್ಣೀರಿನಲ್ಲಿ ಸಾಬೂನು ಹಚ್ಚಿ ನೆನೆಯಿಡಬೇಕೆಂದು ಹೇಳಿದೆವು. ಆಟಕ್ಕೆ ಬಿಳಿಯ ಅಂಗಿಯನ್ನೇ ಏಕೆ ತೊಡಿಸುವಿರೆಂದು ಕೇಳಬೇಕೆಂದಿದ್ದೆವು; ಅಷ್ಟರಲ್ಲಿ ಮಾಳಿಗೆಯ ಮೇಲಿನಿಂದ ಯಾರೋ ಕೂಗಿದರೆಂದು ಆಕೆ ಫೋನನ್ನಿಟ್ಟರು.